‘ತುಂಬಾ’ ಅಂದ್ರೆ ಎಷ್ಟು?

ನಾನು ಈವರೆಗೆ ಬರೆದ ವಾಕ್ಯಗಳಲ್ಲೆಲ್ಲ ದುಬಾರಿಯಾದದ್ದು ಯಾವುದು ಅಂತ ಯಾರಾದ್ರೂ ಕೇಳಿದ್ರೆ ಉತ್ತರಕ್ಕೆ ತಡಕಾಡಬೇಕಿಲ್ಲ. “ತುಂಬಾ ದೊಡ್ಡ ಸಂಖ್ಯೆಗಳಲ್ಲಿ ನಿಖರತೆ ಕಡಿಮೆಯಾಗಬಹುದು.” ಬರೆದದ್ದು ಇಂಗ್ಲಿಷಿನಲ್ಲಿ, ಕನ್ನಡಕ್ಕೆ ತಂದರೆ ಐದೇ ಪದ.

ಆಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದೆ. ಉಳಿದ ಟೀಮುಗಳೆಲ್ಲ ಬಳಸುವ ಒಂದು ಪುಟ್ಟ ಲೈಬ್ರರಿಯನ್ನು ನೋಡಿಕೊಳ್ಳೋದು ನಮ್ಮ ಟೀಮಿನ ಕೆಲಸ. ಬೇರೆ ಬೇರೆ ಕಡೆಯಿಂದ ಬರುವ ಆರ್ಡರ್‌ಗಳ ಮಾಹಿತಿಯನ್ನು ಓದಿ ಒಂದೇ ರೂಪಕ್ಕೆ ತಂದುಕೊಡುವ ಲೈಬ್ರರಿ ಅದು. ಒಳಗೆ ಎಲ್ಲ ಸಂಖ್ಯೆಗಳನ್ನೂ ಫ್ಲೋಟಿಂಗ್ ಪಾಯಿಂಟ್ ರೂಪದಲ್ಲೇ ಇಟ್ಟುಕೊಳ್ಳುತ್ತಿತ್ತು. ಸಂಖ್ಯೆ ದೊಡ್ಡದಾದರೆ ಕೊನೆಯ ಅಂಕಿ ಕೈಕೊಡುತ್ತೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಮುಚ್ಚಿಡದೆ ಡಾಕ್ಯುಮೆಂಟೇಶನ್‌ನಲ್ಲಿ ಬರೆದೂ ಇದ್ದೆ. ಎಂಟು ತಿಂಗಳ ನಂತರ, ನಮಗೆ ಮಾಹಿತಿ ಕಳಿಸುತ್ತಿದ್ದವರಲ್ಲಿ ಒಬ್ಬರು ತಮ್ಮ ಆರ್ಡರ್ ನಂಬರನ್ನು 17 ಅಂಕಿಗೆ ಏರಿಸಿದರು. ಬೇರೆ ಬೇರೆ ನಂಬರಿನ ಅಕ್ಕಪಕ್ಕದ ಆರ್ಡರ್‌ಗಳು ನಮ್ಮ ಲೈಬ್ರರಿ ದಾಟಿ ಹೊರಗೆ ಬರುವಷ್ಟರಲ್ಲಿ ಒಂದೇ ನಂಬರಿನವಾಗಿ ಬಿಟ್ಟವು. ಒಬ್ಬರಿಗೆ ಸೇರಬೇಕಾದ ರಿಫಂಡ್ ಇನ್ನೊಬ್ಬರ ಖಾತೆಗೆ ಹೋಯಿತು. ಯಾವ ಎರರ್ ಮೆಸೇಜೂ ಬರಲಿಲ್ಲ. ಕಾರಣ ಹುಡುಕೋಕೆ ಪಕ್ಕದ ಟೀಮಿನ ಒಬ್ಬ ಹುಡುಗಿ ಎರಡು ರಾತ್ರಿ ಆಫೀಸಿನಲ್ಲೇ ಕಳೆದಳು.

ಮೂರನೇ ದಿನ ಬೆಳಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದಳು.

“ಇದು ನೀವು ಬರೆದದ್ದಾ?”

“ಹೌದು.”

“ತುಂಬಾ ಅಂದ್ರೆ ಎಷ್ಟು ಅಂತ ಬರೆದಿಲ್ವಲ್ಲ?”

ಜಗಳದ ದನಿ ಅಲ್ಲ ಅದು. ನಿಜವಾಗಿಯೂ ಉತ್ತರ ಬೇಕಿತ್ತು ಅವಳಿಗೆ. ನನಗೆ ತಕ್ಷಣ ಹೇಳೋಕೆ ಬರಲಿಲ್ಲ. ಹುಡುಕಿ ನೋಡಿದರೆ ಉತ್ತರ ಒಂದು ಸಾಲಿನದ್ದು: 9007199254740992. ಎರಡರ 53ನೇ ಘಾತ. ಅಲ್ಲಿಯವರೆಗೆ ಒಂದೊಂದು ಪೂರ್ಣಾಂಕವೂ ಸರಿಯಾಗಿ ಕೂರುತ್ತೆ. ಅದಕ್ಕೆ ಒಂದು ಕೂಡಿಸಿ ಇಟ್ಟರೆ, ಆ ಒಂದು ಸದ್ದಿಲ್ಲದೆ ಮಾಯವಾಗುತ್ತೆ.

ಒಂದು ಸಾಲಿನ ಉತ್ತರವನ್ನು ನಾನು ಯಾಕೆ ಬರೆದಿರಲಿಲ್ಲ ಅನ್ನೋ ಪ್ರಶ್ನೆ ಬಹಳ ದಿನ ಕಾಡಿತು. ಮಿತಿಗಳನ್ನು ಬರೆದಿಡುವ ಈ ಕೆಲಸವನ್ನು ಮೊದಲು ಮಾಡಿದವರು ಯಾರು, ಹೇಗೆ ಮಾಡಿದರು ಅಂತ ಹುಡುಕಿಕೊಂಡು ಹೋದೆ. ಅದರ ಕತೆಯೇ ಈ ಬರಹ.

ಕತೆಗೆ ಮೊದಲು ಸ್ವಲ್ಪ ಲೆಕ್ಕ. ನಮ್ಮ ಅಜ್ಜಂದಿರ ಕಾಲದ ಲೆಕ್ಕದಲ್ಲಿ ಅರ್ಧ, ಕಾಲು, ಅರೆಕಾಲು, ವೀಸ ಅಂತಿತ್ತಲ್ಲ, ನೆನಪಿದೆಯಾ? ಅರ್ಧದ ಅರ್ಧ ಕಾಲು, ಕಾಲಿನ ಅರ್ಧ ಅರೆಕಾಲು, ಅದರ ಅರ್ಧ ವೀಸ, ಅಂದ್ರೆ ಹದಿನಾರರಲ್ಲಿ ಒಂದು ಪಾಲು. ಕಂಪ್ಯೂಟರಿಗೆ ಗೊತ್ತಿರೋದೂ ಈ ಚಿಲ್ಲರೆ ಮಾತ್ರ. ಈಗ ಅದರ ಹತ್ತಿರ ಹತ್ತರಲ್ಲಿ ಒಂದು ಪಾಲು, ಅಂದ್ರೆ 0.1 ಕೇಳಿ. ಒಂದು ವೀಸ ಕೊಡುತ್ತೆ, ಸಾಲದು. ಅರೆವೀಸ ಸೇರಿಸುತ್ತೆ, 0.09375 ಆಯಿತು, ಇನ್ನೂ ಸಾಲದು. ಮುಂದಿನ ಎರಡು ಚಿಲ್ಲರೆ ಸೇರಿಸಿದರೆ ಮೀರುತ್ತೆ, ಅವನ್ನು ಬಿಟ್ಟು 256ರಲ್ಲೊಂದು ಪಾಲು ಸೇರಿಸುತ್ತೆ. ಹೀಗೆ ಎಷ್ಟು ಸಣ್ಣ ಚಿಲ್ಲರೆ ಹುಡುಕಿದರೂ ಲೆಕ್ಕ ಚುಕ್ತಾ ಆಗೋದಿಲ್ಲ. ಒಂದು ಹಂತದಲ್ಲಿ ಜಾಗ ಮುಗಿಯುತ್ತೆ, ಅಲ್ಲಿಗೆ ನಿಲ್ಲಿಸುತ್ತೆ. 0.1ಕ್ಕೆ 0.2 ಕೂಡಿಸಿದರೆ 0.30000000000000004 ಅಂತ ಬರೋದನ್ನ ನೀವೂ ನೋಡಿ ನಕ್ಕಿರ್ತೀರಿ. ಇಷ್ಟೇ ಅದರ ಗುಟ್ಟು.

ಎರಡನೇ ವಿಷಯ, ಜಾಗ. ಫ್ಲೋಟಿಂಗ್ ಪಾಯಿಂಟ್ ಅನ್ನೋದು ಒಂದು ವಿಚಿತ್ರ ಅಳತೆಪಟ್ಟಿ. ಸೊನ್ನೆಯ ಹತ್ತಿರ ಗೆರೆಗಳು ಒತ್ತೊತ್ತಾಗಿರುತ್ತವೆ, ದೂರ ಹೋದಂತೆ ಗೆರೆಗಳ ನಡುವಿನ ಅಂತರ ಇಮ್ಮಡಿ ಇಮ್ಮಡಿಯಾಗುತ್ತೆ. ಎಷ್ಟು ಅಂಕಿಗಳಿಗೆ ಜಾಗ, ಪಟ್ಟಿ ಎಷ್ಟು ಉದ್ದ, ಅತಿ ಸಣ್ಣ ಗೆರೆ ಎಲ್ಲಿದೆ, ಈ ಮೂರನ್ನು ಹೇಳಿದರೆ ಹೆಚ್ಚೂಕಡಿಮೆ ಆ ಪಟ್ಟಿಯ ಜಾತಕ ಹೇಳಿದ ಹಾಗೆ.

ಇವತ್ತು ಬಹುಪಾಲು ಎಲ್ಲ ಕಂಪ್ಯೂಟರಿನಲ್ಲೂ ಇರೋದು ಒಂದೇ ಪಟ್ಟಿ. 1970ರ ದಶಕದಲ್ಲಿ ಹಾಗಿರಲಿಲ್ಲ. ಐಬಿಎಂ 1964ರಲ್ಲಿ ಪ್ರಕಟಿಸಿದ ಸಿಸ್ಟಮ್/360 ಎರಡರ ಬದಲು ಹದಿನಾರನ್ನು ಆಧಾರವಾಗಿ ಇಟ್ಟುಕೊಂಡಿತ್ತು. ಹಾಗಾಗಿ ಅದರ 24 ಬಿಟ್‌ಗಳ ಜಾಗದಲ್ಲಿ ಒಂದೊಂದು ಸಂಖ್ಯೆಗೆ ನಿಜವಾಗಿ ಸಿಗುತ್ತಿದ್ದದ್ದು ಕೆಲವೊಮ್ಮೆ 24, ಕೆಲವೊಮ್ಮೆ 21. ಸಿಡಿಸಿ 6600 ಯಂತ್ರದ್ದು 60 ಬಿಟ್‌ಗಳ ಪದ. ಕ್ರೇ-1ರದ್ದು 64 ಬಿಟ್, ಅದರಲ್ಲಿ ಅಂಕಿಗಳಿಗೆ 48. ಡಿಇಸಿ ಕಂಪನಿಯ ವ್ಯಾಕ್ಸ್‌ನಲ್ಲಿ ಅಂಕಿಗಳಿಗೆ 56 ಬಿಟ್ ಇಟ್ಟ ಒಂದು ರೂಪ ಇತ್ತು, ಆದರೆ ಅದರ ಪಟ್ಟಿ ಸುಮಾರು ಹತ್ತರ 38ನೇ ಘಾತಕ್ಕೇ ಮುಗಿಯುತ್ತಿತ್ತು. ಒಂದು ಯಂತ್ರದಲ್ಲಿ ಚೆನ್ನಾಗಿ ಓಡಿದ ಪ್ರೋಗ್ರಾಂ ಇನ್ನೊಂದರಲ್ಲಿ ಬಿದ್ದುಹೋಗುತ್ತಿತ್ತು.

ಬರೀ ಅಳತೆಯ ವ್ಯತ್ಯಾಸ ಆಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಆದರೆ ಈ ಯಂತ್ರಗಳಿಗೆ ಚಾಳಿಗಳೂ ಇದ್ದವು. ಆ ಕಾಲವನ್ನು ಹತ್ತಿರದಿಂದ ಕಂಡ ಗಣಿತಜ್ಞ ವಿಲಿಯಂ ಕಹಾನ್ ಅವನ್ನೆಲ್ಲ ಪಟ್ಟಿ ಮಾಡಿದ್ದಾರೆ. ಕೆಲವು ಯಂತ್ರಗಳಲ್ಲಿ ಒಂದು ಸಂಖ್ಯೆ ‘ಸೊನ್ನೆಯಾ?’ ಅಂತ ಕೇಳಿದರೆ ‘ಅಲ್ಲ’ ಅನ್ನುತ್ತಿತ್ತು, ಗುಣಿಸಲು ಹೋದರೆ ಸೊನ್ನೆಯ ಹಾಗೆ ವರ್ತಿಸುತ್ತಿತ್ತು. ಹಾಗಾಗಿ ಯಾವುದರಿಂದಲಾದರೂ ಭಾಗಿಸುವ ಮೊದಲು ಅದನ್ನು 1.0ರಿಂದ ಗುಣಿಸಿ ನೋಡಬೇಕಿತ್ತು. ಇನ್ನೊಂದು ಯಂತ್ರದಲ್ಲಿ 1.0ರಿಂದ ಗುಣಿಸಿದರೆ ಸಂಖ್ಯೆಯ ಕೊನೆಯ ನಾಲ್ಕು ಬಿಟ್‌ಗಳೇ ಹೋಗುತ್ತಿದ್ದವು! ಕೋಡಿನ ಮಧ್ಯೆ ಒಂದು ಸಂಖ್ಯೆಯನ್ನು ಅದಕ್ಕೇ ಕೂಡಿಸಿ, ಮತ್ತೆ ಅದನ್ನೇ ಕಳೆಯುವ ಅರ್ಥವಿಲ್ಲದ ಸಾಲುಗಳನ್ನು ದೃಷ್ಟಿಬೊಟ್ಟಿನ ಹಾಗೆ ಇಡುತ್ತಿದ್ದರು. ಇವನ್ನೆಲ್ಲ ಯಂತ್ರದ ತಪ್ಪು ಅಂತ ಯಾರೂ ಕರೆಯಲಿಲ್ಲ. ಅದು ಆ ಯಂತ್ರದ ಗುಣ, ಹೊಂದಿಕೊಳ್ಳಿ ಅಷ್ಟೇ.

ಇಂಥ ಕಾಲದಲ್ಲಿ, ಎಲ್ಲ ಯಂತ್ರಗಳಲ್ಲೂ ಓಡುವ ಗಣಿತದ ಲೈಬ್ರರಿ ಬರೆಯಬೇಕು ಅಂತ ಹೊರಟವರು ಅಮೆರಿಕದ ಬೆಲ್ ಲ್ಯಾಬ್ಸ್‌ನ ಫಿಲ್ಲಿಸ್ ಫಾಕ್ಸ್, ಆಂಡ್ರ್ಯೂ ಹಾಲ್ ಮತ್ತು ನಾರ್ಮನ್ ಶ್ರೈಯರ್. ಲೈಬ್ರರಿಯ ಹೆಸರು ಪೋರ್ಟ್, ಅದರ ಬಗ್ಗೆ ಅವರ ಪ್ರಬಂಧ ಬಂದದ್ದು 1978ರಲ್ಲಿ. ಫಾಕ್ಸ್ ಅವರ ಹೆಸರು ನೋಡಿ ನನಗೆ ಖುಷಿಯಾಯಿತು, ಯಾಕಂದ್ರೆ 1960ರಲ್ಲಿ ಬಂದ ಲಿಸ್ಪ್ ಭಾಷೆಯ ಮೊದಲ ಕೈಪಿಡಿಯನ್ನು ಬರೆಯುವುದರಲ್ಲೂ ಇವರದೇ ಮುಖ್ಯ ಕೈ. ಬೇರೆಯವರ ತಲೆಯಲ್ಲಿರೋದನ್ನ ಓದುವವರಿಗೆ ತಲುಪುವ ಹಾಗೆ ಬರೆಯೋದು ಅವರಿಗೆ ಹೊಸದಲ್ಲ.

ಪೋರ್ಟ್‌ನವರು ಕಂಡುಕೊಂಡ ದಾರಿ ಬಹಳ ಸರಳ. ಮಿತಿಗಳನ್ನೆಲ್ಲ ಮೂರು ಪುಟ್ಟ ಫಂಕ್ಷನ್‌ಗಳಲ್ಲಿ ಇಟ್ಟರು. ಪೂರ್ಣಾಂಕಗಳಿಗೆ ಐ1ಮ್ಯಾಕ್, ಸಾಮಾನ್ಯ ಫ್ಲೋಟ್‌ಗಳಿಗೆ ಆರ್1ಮ್ಯಾಕ್, ಡಬಲ್‌ಗೆ ಡಿ1ಮ್ಯಾಕ್. ಆರ್1ಮ್ಯಾಕ್‌ಗೆ 1 ಕೊಟ್ಟರೆ ಆ ಯಂತ್ರದ ಅತಿ ಸಣ್ಣ ಸಂಖ್ಯೆ, 2 ಕೊಟ್ಟರೆ ಅತಿ ದೊಡ್ಡದು, 3 ಮತ್ತು 4 ಕೊಟ್ಟರೆ ಗೆರೆಗಳ ನಡುವಿನ ಅಂತರ. ಉಳಿದ ಲೈಬ್ರರಿಯೆಲ್ಲ ತನಗೆ ಬೇಕಾದ ಮಿತಿಯನ್ನು ಇಲ್ಲಿಂದಲೇ ಕೇಳಿ ತಿಳಿಯಬೇಕು, ಬೇರೆಲ್ಲೂ ಬರೆದುಕೊಳ್ಳಬಾರದು.

ಆ ಫಂಕ್ಷನ್‌ಗಳ ಒಳಗೆ ಏನಿತ್ತು ಗೊತ್ತಾ? ಯಂತ್ರಗಳ ದೊಡ್ಡ ಪಟ್ಟಿ. ಬರೋಸ್, ಸಿಡಿಸಿ, ಕ್ರೇ, ಹನಿವೆಲ್, ಐಬಿಎಂ, ಪಿಡಿಪಿ-10, ಪಿಡಿಪಿ-11, ಯುನಿವ್ಯಾಕ್, ವ್ಯಾಕ್ಸ್. ಒಂದೊಂದರ ಕೆಳಗೂ ಅದರ ಅಂಕಿಗಳು. ಎಲ್ಲವೂ ಕಾಮೆಂಟ್ ರೂಪದಲ್ಲಿ, ಅಂದ್ರೆ ಸಾಲಿನ ಮೊದಲಲ್ಲಿ ಒಂದು ‘ಸಿ’ ಅಕ್ಷರ. ನಿಮ್ಮ ಯಂತ್ರ ಯಾವುದೋ ಅದರ ಸಾಲುಗಳ ಮುಂದಿನ ‘ಸಿ’ ಅಳಿಸಬೇಕು, ಅಷ್ಟೇ. ಅಳಿಸೋದನ್ನೇ ಮರೆತರೆ? ಅದಕ್ಕೂ ಮುಂದಿನ ಆವೃತ್ತಿಗಳಲ್ಲಿ ಒಂದು ಕಾವಲು ಬಂತು. ಪ್ರತಿ ಯಂತ್ರದ ಅಂಕಿಗಳ ಜೊತೆ 987 ಅನ್ನೋ ಗುರುತನ್ನು ಇಟ್ಟರು. ಓಡುವಾಗ 987 ಕಾಣದಿದ್ದರೆ ಫಂಕ್ಷನ್ ದೂರು ಹೇಳಿ ನಿಲ್ಲುತ್ತಿತ್ತು. ಇದನ್ನು ಓದುವಾಗ ನನಗೆ ಸ್ವಲ್ಪ ನಾಚಿಕೆಯಾಯಿತು. ಡಾಕ್ಯುಮೆಂಟೇಶನ್ ಮತ್ತು ಕೋಡ್ ಬೇರೆ ಬೇರೆ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಮಿತಿಯನ್ನು ಬರೆದ ಸಾಲೇ ಓಡುವ ಸಾಲು. ‘ತುಂಬಾ’, ‘ಸುಮಾರು’ ಅಂತ ಬರೆದರೆ ಅದು ಓಡೋದೇ ಇಲ್ಲ.

ಇನ್ನೂ ಒಂದು ದಾರಿ ಇತ್ತು. ಕೈಪಿಡಿಯನ್ನು ನಂಬದೆ ಯಂತ್ರವನ್ನೇ ಕೇಳೋದು. 1972ರಲ್ಲಿ ಮೈಕೇಲ್ ಮಾಲ್ಕಂ ಇದಕ್ಕೊಂದು ಚಂದದ ಉಪಾಯ ಪ್ರಕಟಿಸಿದರು. ಒಂದು ತಗೊಳ್ಳಿ, ಇಮ್ಮಡಿ ಮಾಡ್ತಾ ಹೋಗಿ. ಪ್ರತಿ ಸಲ ಅದಕ್ಕೆ 1 ಕೂಡಿಸಿ, ಮತ್ತೆ ಅದನ್ನೇ ಕಳೆಯಿರಿ. ಉಳಿಯೋದು 1 ಆಗಿರಬೇಕು ತಾನೇ? ಯಾವ ಸಂಖ್ಯೆಯಲ್ಲಿ ಉಳಿಯೋದು 1 ಆಗಿರೋಲ್ಲವೋ, ಅಲ್ಲಿ ಗೆರೆಗಳು ಒಂದಕ್ಕಿಂತ ದೂರ ಸರಿದಿವೆ ಅಂತ ಅರ್ಥ. ಇವತ್ತಿನ ಡಬಲ್‌ನಲ್ಲಿ ಇದು 53ನೇ ಸಲ ನಡೆಯುತ್ತೆ. ನನ್ನ 9007199254740992 ಅದೇ! ಆಮೇಲೆ ಆ ಸಂಖ್ಯೆಗೆ 1, 2, 3 ಹೀಗೆ ಕೂಡಿಸುತ್ತಾ, ಯಾವುದಕ್ಕೆ ಮೊದಲು ಅದು ಅಲುಗಾಡುತ್ತೋ ನೋಡಿದರೆ ಯಂತ್ರದ ಆಧಾರ ಸಂಖ್ಯೆ ಸಿಗುತ್ತೆ, ಎರಡೋ ಹದಿನಾರೋ ಅಂತ.

ಆಮ್‌ಸ್ಟರ್‌ಡ್ಯಾಮಿನ ಸಿಡಬ್ಲ್ಯೂಐ ಸಂಸ್ಥೆಯ ಸ್ಟೀವನ್ ಪೆಂಬರ್ಟನ್ ಇದೇ ಬಗೆಯ ‘ಎನ್‌ಕ್ವೈರ್’ ಅನ್ನೋ ಪ್ರೋಗ್ರಾಂ ಬರೆದರು. ಯಂತ್ರವನ್ನು ಪ್ರಶ್ನಿಸಿ, ಸಿ ಭಾಷೆಗೆ ಬೇಕಾದ ಮಿತಿಗಳ ಕಡತವನ್ನು ಅದೇ ಬರೆದುಕೊಡುತ್ತಿತ್ತು. ಜಿಸಿಸಿ ಕಂಪೈಲರ್ ಜೊತೆಗೂ ಅದು ಬರುತ್ತಿತ್ತು. ಈ ದಾರಿಯಲ್ಲೂ ಗುಂಡಿಗಳಿದ್ದವು. ಕೂಡಿಸಿ ಕಳೆದರೆ ಉಳಿಯೋದು ಒಂದೇ ತಾನೇ ಅಂತ ಜಾಣ ಕಂಪೈಲರ್ ಲೆಕ್ಕವನ್ನೇ ಹಾರಿಸಿಬಿಟ್ಟರೆ, ಪ್ರೋಗ್ರಾಂ ನಿಲ್ಲೋದೇ ಇಲ್ಲ. ಕೆಲವು ಪ್ರೊಸೆಸರ್‌ಗಳು ಲೆಕ್ಕ ಮಾಡುವಾಗ ಒಳಗೆ 64 ಬಿಟ್‌ಗಳ ಜಾಗ ಬಳಸಿ, ಮೆಮೊರಿಯಲ್ಲಿ ಇಡುವಾಗ 53ಕ್ಕೆ ಇಳಿಸುತ್ತವೆ. ಅಂಥ ಕಡೆ ಯಂತ್ರವೇ ತನ್ನ ಬಗ್ಗೆ ಸುಳ್ಳು ಹೇಳುತ್ತೆ.

ಈ ಗೊಂದಲಕ್ಕೆಲ್ಲ ಒಂದು ಕೊನೆ ಕಾಣಿಸಿದ್ದು ಐಇಇಇ 754 ಅನ್ನೋ ಮಾನದಂಡ. ಕತೆ ಶುರುವಾಗೋದು 1976ರ ಸುಮಾರಿಗೆ. ಇಂಟೆಲ್‌ನ ಜಾನ್ ಪಾಮರ್ ತಮ್ಮ ಹೊಸ ಚಿಪ್‌ನ ಲೆಕ್ಕ ಸರಿಯಿರಬೇಕು ಅಂತ ಬರ್ಕ್ಲಿಯಲ್ಲಿದ್ದ ಕಹಾನ್ ಅವರನ್ನು ಸಲಹೆಗೆ ಕರೆದರು. 1977ರಲ್ಲಿ ಸಮಿತಿ ಸೇರಿತು. ಕಹಾನ್, ಅವರ ವಿದ್ಯಾರ್ಥಿ ಜೆರೋಮ್ ಕೂನೆನ್ ಮತ್ತು ಹೆರಾಲ್ಡ್ ಸ್ಟೋನ್ ಒಂದು ಕರಡು ಕೊಟ್ಟರು. ವ್ಯಾಕ್ಸ್ ಮಾಡುತ್ತಿದ್ದ ಡಿಇಸಿ ಒಪ್ಪಲಿಲ್ಲ. ಜಗಳ ಮುಖ್ಯವಾಗಿ ಪಟ್ಟಿಯ ಅತಿ ಸಣ್ಣ ತುದಿಯ ಬಗ್ಗೆ. ಸೊನ್ನೆಯ ಪಕ್ಕ ಬಂದಾಗ ಸಂಖ್ಯೆ ತಟ್ಟನೆ ಸೊನ್ನೆಗೆ ಬೀಳಬೇಕಾ, ಮೆಟ್ಟಿಲಿಳಿದ ಹಾಗೆ ನಿಧಾನವಾಗಿ ಇಳಿಯಬೇಕಾ? ಮೆಟ್ಟಿಲು ಬೇಡ ಅಂತ ಸಾಧಿಸಲು ಡಿಇಸಿ ಹೊರಗಿನ ತಜ್ಞ ಜಿ. ಡಬ್ಲ್ಯೂ. ಸ್ಟೂವರ್ಟ್ ಅವರಿಂದ ವರದಿ ಕೇಳಿತು. ಅವರು ಎಲ್ಲ ನೋಡಿ 1981ರಲ್ಲಿ ಹೇಳಿದ್ದು: ಮೆಟ್ಟಿಲೇ ಸರಿ. ಅಷ್ಟರಲ್ಲಿ ಇಂಟೆಲ್‌ನ 8087 ಚಿಪ್ 1980ರಲ್ಲೇ ಮಾರುಕಟ್ಟೆಗೆ ಬಂದಾಗಿತ್ತು. 1985ರಲ್ಲಿ ಮಾನದಂಡಕ್ಕೆ ಒಪ್ಪಿಗೆ ಸಿಕ್ಕಿತು. 1989ರ ಟ್ಯೂರಿಂಗ್ ಪ್ರಶಸ್ತಿ ಕಹಾನ್ ಅವರಿಗೆ ಬಂತು.

ಅದೇ 1989ರಲ್ಲಿ ಸಿ ಭಾಷೆಯ ಮೊದಲ ಅಮೆರಿಕನ್ ಮಾನದಂಡವೂ ಬಂತು. ಅದರಲ್ಲಿ ಫ್ಲೋಟ್.ಎಚ್ ಅನ್ನೋ ಕಡತ ಇದೆ. ನನ್ನ ಲೆಕ್ಕದಲ್ಲಿ ಮಿತಿಗಳನ್ನು ಬರೆದಿಡುವುದಕ್ಕೆ ಇದಕ್ಕಿಂತ ಒಳ್ಳೆ ಮಾದರಿ ಕಡಿಮೆ. ಅಲ್ಲಿ ಎರಡು ಬಗೆಯ ಮಾತಿದೆ. ಒಂದು, ಭಾಷೆ ಕೊಡುವ ಕನಿಷ್ಠ ಭರವಸೆ: ಯಾವ ಯಂತ್ರವೇ ಆಗಲಿ, ಡಬಲ್‌ನಲ್ಲಿ ಕನಿಷ್ಠ 10 ದಶಮಾಂಶ ಅಂಕಿ ಸಿಗಲೇಬೇಕು, ಪಟ್ಟಿ ಕನಿಷ್ಠ ಹತ್ತರ 37ನೇ ಘಾತದವರೆಗೆ ಹೋಗಲೇಬೇಕು. ಇನ್ನೊಂದು, ನಿಮ್ಮ ಯಂತ್ರ ನಿಜವಾಗಿ ಕೊಡುವುದು: ಇವತ್ತಿನ ಯಂತ್ರಗಳಲ್ಲಿ 15 ಅಂಕಿ, ಹತ್ತರ 308ನೇ ಘಾತ. ಯಾವುದನ್ನು ನಂಬಿ ಕೋಡ್ ಬರೆಯಬಹುದು, ಯಾವುದು ಈ ಯಂತ್ರದ ಕೃಪೆ, ಎರಡೂ ಬೇರೆ ಬೇರೆಯಾಗಿ ಕಾಣುತ್ತೆ.

ಅಂಕಿ ಬರೆದ ಮೇಲೂ ಎಡವುವವರು ಎಡವುತ್ತಾರೆ. ಜಾವಾದಲ್ಲಿ ಡಬಲ್‌ನ ‘ಮಿನ್ ವ್ಯಾಲ್ಯೂ’ ಅಂತ ಒಂದಿದೆ. ಹೆಸರು ಕೇಳಿದರೆ ಅತಿ ಕಡಿಮೆ ಬೆಲೆ, ಅಂದ್ರೆ ಮೈನಸ್ ಕಡೆಯ ಕೊನೆಯ ತುದಿ ಅನ್ಸುತ್ತೆ. ನಿಜವಾಗಿ ಅದು ಸೊನ್ನೆಗಿಂತ ದೊಡ್ಡದಾದ ಅತಿ ಸಣ್ಣ ಸಂಖ್ಯೆ. ಜಾವಾಸ್ಕ್ರಿಪ್ಟ್‌ನಲ್ಲೂ ಹಾಗೇ. ಲೇಹ್‌ನ ಜನವರಿ ರಾತ್ರಿಗಳ ಉಷ್ಣಾಂಶದಲ್ಲಿ ಗರಿಷ್ಠ ಯಾವುದು ಅಂತ ಹುಡುಕಲು ಅದರಿಂದ ಶುರುಮಾಡಿದ್ರೆ, ಎಲ್ಲವೂ ಮೈನಸ್ ಇದ್ದಾಗ ಉತ್ತರ ಹೆಚ್ಚೂಕಡಿಮೆ ಸೊನ್ನೆ ಅಂತ ಬರುತ್ತೆ! ಡಾಕ್ಯುಮೆಂಟೇಶನ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ. ಆದರೆ ಜನ ಓದೋದು ಹೆಸರನ್ನ. ಸಿ++ ಭಾಷೆಯವರು ಇದಕ್ಕೇ 2011ರಲ್ಲಿ ‘ಲೋಯೆಸ್ಟ್’ ಅನ್ನೋ ಇನ್ನೊಂದು ಹೆಸರು ಸೇರಿಸಿದರು.

ನಾನು ಬಿದ್ದ ಗುಂಡಿಯೂ ಹೊಸದೇನಲ್ಲ. 2010ರಲ್ಲಿ ಟ್ವಿಟರ್ ತನ್ನ ಟ್ವೀಟ್‌ಗಳಿಗೆ ಉದ್ದದ ಹೊಸ ನಂಬರ್ ಕೊಡಲು ಹೊರಟಾಗ, 53 ಬಿಟ್ ದಾಟಿದ ನಂಬರನ್ನು ಜಾವಾಸ್ಕ್ರಿಪ್ಟ್ ಸರಿಯಾಗಿ ಇಟ್ಟುಕೊಳ್ಳೋದಿಲ್ಲ ಅಂತ ಡೆವಲಪರ್‌ಗಳಿಗೆ ಮೊದಲೇ ತಿಳಿಸಿ, ಅದೇ ನಂಬರನ್ನು ಅಕ್ಷರಗಳ ರೂಪದಲ್ಲೂ ಕಳಿಸಲು ಶುರುಮಾಡಿತು. 2015ರಲ್ಲಿ ಜಾವಾಸ್ಕ್ರಿಪ್ಟ್ ಭಾಷೆಗೇ ‘ಮ್ಯಾಕ್ಸ್ ಸೇಫ್ ಇಂಟಿಜರ್’ ಸೇರಿತು: 9007199254740991. ಹೆಸರಲ್ಲೇ ಎಚ್ಚರಿಕೆ ಇದೆ, ಇದು ಅತಿ ದೊಡ್ಡದಲ್ಲ, ನಂಬಬಹುದಾದ ಅತಿ ದೊಡ್ಡದು ಅಂತ. ಇವೆಲ್ಲ ನಾನು ಆ ಐದು ಪದ ಬರೆಯುವ ಮೊದಲೇ ಆಗಿಹೋಗಿದ್ದವು.

ಈ ಹುಡುಕಾಟದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಇನ್ನೊಂದು ಕತೆ. ಅದರಲ್ಲಿ ಲೆಕ್ಕದ ರೀತಿ ಸ್ವಲ್ಪ ಬೇರೆ, ರೋಗ ಅದೇ.

1991ರ ಫೆಬ್ರವರಿ 25, ಕೊಲ್ಲಿ ಯುದ್ಧ. ಸೌದಿ ಅರೇಬಿಯಾದ ಧಹ್ರಾನ್‌ನಲ್ಲಿ ಅಮೆರಿಕದ ಸೈನಿಕರ ವಸತಿಯ ಮೇಲೆ ಇರಾಕಿನ ಸ್ಕಡ್ ಕ್ಷಿಪಣಿ ಬಿತ್ತು. 28 ಜನ ಸತ್ತರು. ಅದನ್ನು ತಡೆಯಬೇಕಿದ್ದ ಪೇಟ್ರಿಯಾಟ್ ವ್ಯವಸ್ಥೆ ಹಾರಲೇ ಇಲ್ಲ. ಅದರ ಗಡಿಯಾರ ಕಾಲವನ್ನು ಸೆಕೆಂಡಿನ ಹತ್ತನೇ ಪಾಲುಗಳಲ್ಲಿ ಎಣಿಸುತ್ತಿತ್ತು. ಸೆಕೆಂಡಿಗೆ ಬದಲಿಸಲು 0.1ರಿಂದ ಗುಣಿಸಬೇಕು. ವೀಸ, ಅರೆವೀಸಗಳ ಚಿಲ್ಲರೆಯಲ್ಲಿ ಎಂದೂ ಚುಕ್ತಾ ಆಗದ ಅದೇ 0.1. ಅದಕ್ಕೆ ಅಲ್ಲಿ ಇದ್ದದ್ದು 24 ಬಿಟ್‌ಗಳ ಜಾಗ. ಒಂದು ಎಣಿಕೆಗೆ ಆಗುವ ತಪ್ಪು ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿನಷ್ಟು. ಆದರೆ ಆ ಯಂತ್ರವನ್ನು 100 ಗಂಟೆ ಆರಿಸದೆ ಓಡಿಸಿದ್ದರು. 36 ಲಕ್ಷ ಎಣಿಕೆ. ತಪ್ಪು ಸೇರಿ ಸೇರಿ ಸೆಕೆಂಡಿನ ಮೂರನೇ ಒಂದು ಪಾಲಾಯಿತು. ಅಷ್ಟರಲ್ಲಿ ಸ್ಕಡ್ ಅರ್ಧ ಕಿಲೋಮೀಟರಿಗಿಂತ ಹೆಚ್ಚು ದೂರ ಸಾಗುತ್ತೆ. ಯಂತ್ರ ಆಕಾಶದ ತಪ್ಪು ಜಾಗದಲ್ಲಿ ಹುಡುಕುತ್ತಿತ್ತು.

ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ ವರದಿ 1992ರಲ್ಲಿ ಬಂತು. ತೊಂದರೆ ಮೊದಲೇ ಗೊತ್ತಿತ್ತು ಅಂತ ಅದು ಹೇಳುತ್ತೆ. ಎಂಟು ಗಂಟೆ ಓಡಿಸಿದರೆ ಗುರಿ ಜರುಗುತ್ತೆ ಅಂತ ಇಸ್ರೇಲಿನಿಂದ ಮಾಹಿತಿ ಬಂದದ್ದು ಫೆಬ್ರವರಿ 11ರಂದು. ಫೆಬ್ರವರಿ 21ರಂದು, ಪೇಟ್ರಿಯಾಟ್ ಬಳಸುವವರಿಗೆಲ್ಲ ಒಂದು ಸಂದೇಶ ಹೋಯಿತು: ತುಂಬಾ ಹೊತ್ತು ಓಡಿಸಿದರೆ ಗುರಿ ಜರುಗಬಹುದು. ತುಂಬಾ ಹೊತ್ತು ಅಂದ್ರೆ ಎಷ್ಟು ಗಂಟೆ ಅಂತ ಅದರಲ್ಲಿ ಇರಲಿಲ್ಲ. ಅಷ್ಟೊತ್ತು ಯಾರೂ ಓಡಿಸೋದಿಲ್ಲ ಅಂತ ಕಳಿಸಿದವರು ಅಂದುಕೊಂಡಿದ್ದರು. ಯಂತ್ರವನ್ನು ಒಮ್ಮೆ ಆರಿಸಿ ಹಚ್ಚಿದ್ದರೆ ಎಣಿಕೆ ಸೊನ್ನೆಯಿಂದ ಶುರುವಾಗುತ್ತಿತ್ತು. ಅದಕ್ಕೆ ಬೇಕಾದದ್ದು ಒಂದೂವರೆ ನಿಮಿಷದೊಳಗಿನ ಸಮಯ. ಸರಿಪಡಿಸಿದ ಸಾಫ್ಟ್‌ವೇರ್ ಧಹ್ರಾನ್ ತಲುಪಿದ್ದು ಫೆಬ್ರವರಿ 26ರಂದು, ಕ್ಷಿಪಣಿ ಬಿದ್ದ ಮರುದಿನ.

ಆ ಸಾಲನ್ನು ಓದಿ ನಾನು ಪುಟ ಮುಚ್ಚಿಟ್ಟೆ. ನನ್ನ ತಪ್ಪಿನಿಂದ ಹೋದದ್ದು ಒಂದಷ್ಟು ರಿಫಂಡ್ ಮತ್ತು ಒಬ್ಬ ಹುಡುಗಿಯ ಎರಡು ರಾತ್ರಿಯ ನಿದ್ದೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ಸರಿಯಲ್ಲ. ಆದರೆ ವಾಕ್ಯ ಮಾತ್ರ ಒಂದೇ, ಅದೇ ‘ತುಂಬಾ’.

ಬರೆದದ್ದು ಬೇಕಾದವರ ಕಣ್ಣಿಗೆ ಬೀಳೋದೂ ಅಷ್ಟೇ ಮುಖ್ಯ. 1996ರ ಜೂನ್ 4ರಂದು ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲಿ ಸುಮಾರು 40 ಸೆಕೆಂಡಿಗೆ ಸಿಡಿಯಿತು. 64 ಬಿಟ್‌ಗಳ ಒಂದು ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸಲು ಹೋದಾಗ, ಅದರ ಮಿತಿಯಾದ 32767 ಮೀರಿತ್ತು. ಹೀಗೆ ಮೀರಬಹುದಾದ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಕಾವಲು ಇಟ್ಟು, ಮೂರನ್ನು ಬೇಕೆಂದೇ ಬಿಟ್ಟಿದ್ದರು. ಏರಿಯಾನ್ 4ರ ಹಾದಿಯಲ್ಲಿ ಅವು ಅಷ್ಟು ದೊಡ್ಡದಾಗುವ ಸಂಭವವೇ ಇರಲಿಲ್ಲ. ಆದರೆ ಯಾಕೆ ಬಿಟ್ಟರು ಅನ್ನೋ ಕಾರಣ ಆ ಕೋಡಿನಲ್ಲಿ ಎಲ್ಲೂ ಇರಲಿಲ್ಲ ಅಂತ ಗಣಿತಜ್ಞ ಜಾಕ್-ಲೂಯಿ ಲಿಯೊನ್ಸ್ ಅವರ ತನಿಖಾ ಸಮಿತಿ ಗಮನಿಸಿತು. ಕಾಗದದ ರಾಶಿಯಲ್ಲಿ ಆ ಊಹೆ ಹೂತುಹೋಗಿತ್ತು. ಏರಿಯಾನ್ 5ರ ಹಾದಿ ಬೇರೆ, ವೇಗ ಬೇರೆ. ಕೋಡ್ ಮಾತ್ರ ಹಳೆಯದೇ.

ನಮ್ಮ ಲೈಬ್ರರಿಯ ಆ ಸಾಲನ್ನು ನಾನು ತಿದ್ದಿದೆ. ಈಗ ಅದು ಹೀಗಿದೆ: “9007199254740991ಕ್ಕಿಂತ ದೊಡ್ಡ ಪೂರ್ಣಾಂಕವನ್ನು ಈ ಫಂಕ್ಷನ್ ಸ್ವೀಕರಿಸುವುದಿಲ್ಲ. ಅದಕ್ಕಿಂತ ದೊಡ್ಡ ಸಂಖ್ಯೆಗಳು ಅಕ್ಕಪಕ್ಕದ ಸಂಖ್ಯೆಗೆ ಬದಲಾಗಬಹುದು. ಆರ್ಡರ್ ನಂಬರ್‌ಗಳನ್ನು ಅಕ್ಷರಗಳ ರೂಪದಲ್ಲೇ ಕಳಿಸಿ.” ಅದೇ ಮಿತಿಯನ್ನು ಕೋಡಿನಲ್ಲೂ ಪರೀಕ್ಷಿಸಿ, ಮೀರಿದರೆ ಎರರ್ ಬರುವ ಹಾಗೆ ಮಾಡಿದೆ. ಪೋರ್ಟ್‌ನವರ 987ರ ಹಾಗೆ. ಎಲ್ಲ ಸೇರಿ ಒಂದು ಗಂಟೆಯ ಕೆಲಸ.

ಬದಲಾವಣೆಯನ್ನು ರಿವ್ಯೂಗೆ ಕಳಿಸಿದ್ದು ಅವಳಿಗೇ. ಒಪ್ಪಿಗೆ ಕೊಡುವ ಮೊದಲು ಒಂದು ಕಾಮೆಂಟ್ ಹಾಕಿದಳು: “ಮೈನಸ್ ಕಡೆಗೆ ಮಿತಿ ಎಷ್ಟು?” ಅದನ್ನು ಬರೆಯೋದು ಮರೆತಿದ್ದೆ. ಸೇರಿಸಿದೆ.